ಹಬ್ಬದೂಟ ಮತ್ತು ಮನೆಯ ನಾಯಿ

ಹಬ್ಬದ ದಿನ ಮನೆಯ ಬಾಗಿಲಿಗೆ ಬಂದ ಜೀವ ಯಾವುದೂ ಹಸಿದು ಹಿಂದಿರುಗಬಾರದೆಂಬುದು ನಮ್ಮ ಜನರು ತಲೆತಲಾಂತರದಿಂದ ಪಾಲಿಸಿಕೊಂಡು ಬಂದ ನಡವಳಿಕೆ. ಹಸುವಿಗೆ ಗೋಗ್ರಾಸ, ಕಾಗೆಗೆ ಒಂದು ತುತ್ತು, ಇರುವೆಗೆ ರಂಗೋಲಿಯ ಅಕ್ಕಿಹಿಟ್ಟು, ನಾಯಿಗೆ ಹಿತ್ತಲ ಬಾಗಿಲಿನಲ್ಲಿ ಒಂದು ಹಿಡಿ ಅನ್ನ. ಗೃಹಸ್ಥನು ನಿತ್ಯವೂ ಮಾಡಬೇಕೆಂದು ಹೇಳಲಾದ ಐದು ಯಜ್ಞಗಳಲ್ಲಿ ಒಂದಾದ ಭೂತಯಜ್ಞದಲ್ಲಿಯೂ ನಾಯಿಗೆ ಪಾಲು ಇದೆ. ಆದರೆ ಈ ವ್ಯವಸ್ಥೆ ರೂಪುಗೊಂಡದ್ದು ಹಿತ್ತಲು ಇದ್ದ ಮನೆಗಳಲ್ಲಿ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಂತಹ ಮಹಾನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಪೈಕಿ ಹೆಚ್ಚಿನವು ವಾಸಿಸುತ್ತಿರುವುದು ಎರಡು ಅಥವಾ ಮೂರು ಕೋಣೆಗಳ ಮನೆಗಳಲ್ಲಿ. ಅಲ್ಲಿ ಹಿತ್ತಲಿಲ್ಲ. ಪಡಸಾಲೆಯೇ ಊಟದ ಮನೆ, ಅದೇ ಅತಿಥಿಗಳ ಕೋಣೆ, ಅದೇ ನಾಯಿಯ ಮಲಗುವ ಜಾಗ. ಹಬ್ಬದ ದಿನ ಹದಿನೈದು ಮಂದಿ ಸೇರಿದಾಗ ನಾಯಿ ಎಲ್ಲಿರಬೇಕು, ಏನನ್ನು ತಿನ್ನಬೇಕು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಸಣ್ಣದಾಗಿ ಕಂಡರೂ ಅದನ್ನು ಮೊದಲೇ ಯೋಚಿಸದಿದ್ದ ಮನೆಗಳಲ್ಲಿ ಹಬ್ಬವು ಪಶುವೈದ್ಯಾಲಯದ ಬೆಂಚಿನ ಮೇಲೆ ಮುಗಿದಿರುವುದುಂಟು.

ನಾಯಿಯನ್ನು ಮನೆಯ ಸದಸ್ಯನೆಂದು ಎಣಿಸುವುದು ಇತ್ತೀಚಿನ ನಗರಜೀವನದ ಶೋಕಿಯೆಂದು ತಿಳಿಯುವವರು ಮಂಡ್ಯ ಜಿಲ್ಲೆಯ ಆತಕೂರಿನ ಶಿಲಾಶಾಸನವನ್ನು ನೆನೆಯಬಹುದು. ಅದರ ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಬೇಕಾದುದನ್ನು ಬೇಡಿಕೊಳ್ಳುವಂತೆ ಒಡೆಯನು ಹೇಳಿದಾಗ ಅವನು ಊರನ್ನಾಗಲಿ ಹೊನ್ನನ್ನಾಗಲಿ ಕೇಳದೆ ಕಾಳಿಯೆಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಕಾಡುಹಂದಿಯೊಡನೆ ಹೋರಾಡಿ ಹಂದಿಯೂ ನಾಯಿಯೂ ಜೊತೆಯಲ್ಲೇ ಮಡಿದಾಗ ಕಾಳಿಯ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗಾಗಿ ಭೂಮಿಯನ್ನು ಬಿಡಲಾಯಿತು. ಆ ಕಲ್ಲನ್ನು ಪೂಜಿಸದೆ ಅಲ್ಲಿಯ ಗೊರವನು ಉಣ್ಣಕೂಡದೆಂಬ ಕಟ್ಟಳೆಯೂ ಶಾಸನದಲ್ಲಿದೆ. ಇಂದು ಈ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನೆರೆಯ ನೇಪಾಳದಲ್ಲಿ ನಮ್ಮ ನರಕ ಚತುರ್ದಶಿಯ ಹೊತ್ತಿಗೆ ಬರುವ ತಿಹಾರ್ ಹಬ್ಬದ ಎರಡನೆಯ ದಿನವನ್ನು ನಾಯಿಗಳಿಗೆಂದೇ ಮೀಸಲಿಟ್ಟು, ಅವುಗಳ ಕೊರಳಿಗೆ ಮಾಲೆ ಹಾಕಿ, ಹಣೆಗೆ ತಿಲಕವಿಟ್ಟು ಊಟ ಬಡಿಸುತ್ತಾರೆ. ಆದುದರಿಂದ ನಾಯಿಗೂ ಹಬ್ಬವುಂಟೆ ಎಂಬ ಚರ್ಚೆ ಇಲ್ಲಿ ಅನಾವಶ್ಯಕ. ಎಲೆಯಲ್ಲಿ ಬಡಿಸಿದ ಯಾವ ಪದಾರ್ಥ ಅದಕ್ಕೆ ಹಿತ, ಯಾವುದು ವಿಷ ಎಂಬುದಷ್ಟೇ ವಿಚಾರ.

ದ್ರಾಕ್ಷಿಯ ಸಂಗತಿ

ಪುಣೆಯಲ್ಲಿ ನನ್ನ ಪರಿಚಯದ ಒಂದು ಕುಟುಂಬದಲ್ಲಿ ಕೆಲವು ವರ್ಷಗಳ ಹಿಂದೆ ಯುಗಾದಿಯಂದು ನಡೆದ ಸಂಗತಿಯನ್ನು ಹೇಳುವುದರಿಂದ ವಿಷಯ ಸ್ಪಷ್ಟವಾದೀತು. ಆ ಮನೆಯಲ್ಲಿ ಸುಮಾರು ಏಳು ಕಿಲೋ ತೂಕದ, ಬೀದಿಯಿಂದ ಎತ್ತಿ ತಂದು ಸಾಕಿದ ಕರಿಯ ಎಂಬ ನಾಯಿ ಇತ್ತು. ಊರಿನಿಂದ ಬಂದಿದ್ದ ಅಜ್ಜಿ ಎಲ್ಲರಿಗೂ ಬಡಿಸಿದ ಮೇಲೆ ಅದಕ್ಕೂ ಒಂದು ಬಟ್ಟಲು ಶಾವಿಗೆ ಪಾಯಸ ಇಟ್ಟರು. ಮಕ್ಕಳು ಪಾಯಸಕ್ಕೆಂದು ತೆಗೆದಿರಿಸಿದ್ದ ಒಣದ್ರಾಕ್ಷಿಯನ್ನು ಒಂದೊಂದಾಗಿ ಎಸೆದು ಅದು ಗಾಳಿಯಲ್ಲೇ ಹಿಡಿಯುವುದನ್ನು ನೋಡಿ ಸಂತೋಷಪಟ್ಟರು. ಅದೇ ರಾತ್ರಿ ನಾಯಿ ಎರಡು ಬಾರಿ ವಾಂತಿ ಮಾಡಿತು. ಹಬ್ಬದ ಊಟ ಹೆಚ್ಚಾಗಿರಬೇಕೆಂದು ಎಲ್ಲರೂ ಸುಮ್ಮನಾದರು. ಮಾರನೆಯ ದಿನ ಅದು ಏನನ್ನೂ ಮುಟ್ಟಲಿಲ್ಲ. ಮೂರನೆಯ ದಿನ ಮೂತ್ರ ನಿಂತಿತು. ವೈದ್ಯರು ರಕ್ತ ಪರೀಕ್ಷಿಸಿ ಮೂತ್ರಪಿಂಡಗಳು ಕೆಲಸ ನಿಲ್ಲಿಸಿವೆಯೆಂದು ತಿಳಿಸಿದರು. ಐದನೆಯ ದಿನ ಕರಿಯ ಸತ್ತಿತು. ಆ ಮನೆಯಲ್ಲಿ ಯಾರೂ ಅಜ್ಜಿಯನ್ನು ದೂರಲಿಲ್ಲ, ಮಕ್ಕಳನ್ನೂ ಗದರಿಸಲಿಲ್ಲ. ದೂರುವಂತೆಯೂ ಇರಲಿಲ್ಲ. ಏಕೆಂದರೆ ದ್ರಾಕ್ಷಿ ನಾಯಿಗೆ ವಿಷವೆಂಬುದು ಆ ಮನೆಯಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ಪಶುವೈದ್ಯ ವಿಜ್ಞಾನಕ್ಕೂ ಇದು ಬಹಳ ಹಿಂದಿನಿಂದ ತಿಳಿದ ವಿಷಯವಲ್ಲ. ಹಸಿ ದ್ರಾಕ್ಷಿ ಮತ್ತು ಒಣದ್ರಾಕ್ಷಿಯನ್ನು ತಿಂದ ನಾಯಿಗಳಲ್ಲಿ ಮೂತ್ರಪಿಂಡ ವೈಫಲ್ಯ ಉಂಟಾಗುವುದನ್ನು ವೈದ್ಯರು ಗುರುತಿಸಿದ್ದು ಸರಿಸುಮಾರು ಈ ಶತಮಾನದ ಆರಂಭದಲ್ಲಿ. ಕೆಲವು ನಾಯಿಗಳು ಹಿಡಿ ದ್ರಾಕ್ಷಿ ತಿಂದೂ ಆರೋಗ್ಯವಾಗಿದ್ದರೆ, ಮತ್ತೆ ಕೆಲವು ನಾಲ್ಕಾರು ಕಾಳು ತಿಂದು ಸತ್ತದ್ದೇಕೆಂಬುದು ಬಹುಕಾಲ ಒಗಟಾಗಿಯೇ ಇತ್ತು. 2021ರಲ್ಲಿ ಅಮೆರಿಕದ ವಿಷ ಚಿಕಿತ್ಸಾ ತಜ್ಞರು ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಾಗಿರಬಹುದೆಂದು ಪ್ರತಿಪಾದಿಸಿದರು. ಈ ಆಮ್ಲದ ಪ್ರಮಾಣ ದ್ರಾಕ್ಷಿಯ ತಳಿ, ಬೆಳೆದ ನೆಲ, ಮಾಗಿದ ಹಂತ ಇವುಗಳನ್ನು ಅನುಸರಿಸಿ ಬದಲಾಗುವುದರಿಂದ ಪರಿಣಾಮವೂ ಒಂದೇ ತೆರನಾಗಿರುವುದಿಲ್ಲ. ಈ ಕಾರಣದಿಂದಲೇ ಇಷ್ಟು ದ್ರಾಕ್ಷಿ ನಿರಪಾಯವೆಂಬ ಮಿತಿಯನ್ನು ವೈದ್ಯರು ಹೇಳುವುದಿಲ್ಲ. ಒಂದು ಕಾಳನ್ನೂ ಕೊಡಬಾರದೆಂಬುದೇ ಅವರ ಸಲಹೆ.

ದಕ್ಷಿಣ ಭಾರತದ ಅಡುಗೆಮನೆಗೆ ಸಂಬಂಧಿಸಿದ ಇನ್ನೊಂದು ಅಂಶ ಇದರಲ್ಲಿ ಅಡಗಿದೆ. ಟಾರ್ಟಾರಿಕ್ ಆಮ್ಲ ಹೇರಳವಾಗಿರುವ ಮತ್ತೊಂದು ಪದಾರ್ಥವೆಂದರೆ ನಮ್ಮ ಹುಣಸೆಹಣ್ಣು. ಹುಣಸೆಹಣ್ಣನ್ನು ತಿಂದ ನಾಯಿಗಳಲ್ಲಿಯೂ ಇದೇ ಬಗೆಯ ಮೂತ್ರಪಿಂಡದ ಹಾನಿ ಉಂಟಾದ ಪ್ರಕರಣಗಳು 2022ರಲ್ಲಿ ಪಶುವೈದ್ಯ ಪತ್ರಿಕೆಯೊಂದರಲ್ಲಿ ಪ್ರಕಟವಾದವು. ಹುಳಿ ಸಾರು ಕಲಸಿದ ಅನ್ನವನ್ನು ತಿಂದು ಬೆಳೆದ ನಾಯಿಗಳನ್ನು ನಾವೆಲ್ಲರೂ ಕಂಡಿದ್ದೇವೆ, ನಿಜ. ಹಾಗೆಂದು ಪುಳಿಯೋಗರೆಯ ಗೊಜ್ಜು, ಹುಣಸೆಯ ತೊಕ್ಕು, ಹಿಂಡಿ ಉಳಿದ ಹುಣಸೆಯ ಚರಟ ಇವು ನಾಯಿಯ ಬಾಯಿಗೆ ಸಿಗುವಂತೆ ಇಡುವುದು ವಿವೇಕವಲ್ಲ. ಬೇವು ಬೆಲ್ಲಕ್ಕೆ ಹುಣಸೆ ಸೇರಿಸಿ ಪಾನಕದಂತೆ ಮಾಡುವ ಮನೆಗಳಲ್ಲಿಯೂ ಇದನ್ನು ಗಮನದಲ್ಲಿಡತಕ್ಕದ್ದು.

ಒಣದ್ರಾಕ್ಷಿ ಹಬ್ಬದ ಅಡುಗೆಯಲ್ಲಿ ಎಲ್ಲೆಲ್ಲಿ ಅಡಗಿರುತ್ತದೆಂಬುದನ್ನು ಎಣಿಸಿ ನೋಡಿದರೆ ಆಶ್ಚರ್ಯವಾಗುತ್ತದೆ. ಪಾಯಸ, ಸಜ್ಜಿಗೆ, ಲಾಡು, ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯ, ನೈವೇದ್ಯಕ್ಕೆ ಇಟ್ಟ ಹಣ್ಣಿನ ತಟ್ಟೆ, ಗಣೇಶ ಚತುರ್ಥಿಯಲ್ಲಿ ಮರಾಠಿ ನೆರೆಯವರು ಕೊಡುವ ಮೋದಕದ ಹೂರಣ, ರಂಜಾನಿನ ಶೀರ್ ಖುರ್ಮಾ, ಕ್ರಿಸ್ಮಸ್ಸಿನ ಪ್ಲಮ್ ಕೇಕ್. ಕೊನೆಯದರಲ್ಲಿ ದ್ರಾಕ್ಷಿಯ ಜೊತೆಗೆ ರಮ್ ಸಹ ಸೇರಿರುವುದರಿಂದ ಅದು ನಾಯಿಯ ಪಾಲಿಗೆ ಇಮ್ಮಡಿ ಅಪಾಯ.

ಈರುಳ್ಳಿ, ಚಾಕೊಲೇಟು ಮತ್ತು ಸಕ್ಕರೆಯಿಲ್ಲದ ಸಿಹಿ

ಈರುಳ್ಳಿ ಮತ್ತು ಬೆಳ್ಳುಳ್ಳಿಯಲ್ಲಿರುವ ಗಂಧಕಯುಕ್ತ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಹುರಿದರೂ ಒಣಗಿಸಿ ಪುಡಿ ಮಾಡಿದರೂ ಈ ಗುಣ ಹೋಗುವುದಿಲ್ಲ. ಪುಡಿಯಲ್ಲಂತೂ ಅದು ಸಾಂದ್ರಗೊಂಡಿರುತ್ತದೆ. ನಾಯಿಯ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 15ರಿಂದ 30 ಗ್ರಾಂ ಈರುಳ್ಳಿ ರಕ್ತದಲ್ಲಿ ಗಣನೀಯ ಬದಲಾವಣೆಗೆ ಸಾಕು. ಅಂದರೆ ಹತ್ತು ಕಿಲೋ ತೂಕದ ನಾಯಿಗೆ ಒಂದೆರಡು ದೊಡ್ಡ ಗೆಡ್ಡೆ. ಇಷ್ಟು ಈರುಳ್ಳಿ ಒಂದು ಬಟ್ಟಲು ಸಾಗು ಅಥವಾ ಮಸಾಲೆ ಗೊಜ್ಜಿನಲ್ಲಿ ಸುಲಭವಾಗಿ ಸೇರಿರಬಹುದು. ಬೆಳ್ಳುಳ್ಳಿಯ ಶಕ್ತಿ ಇದಕ್ಕಿಂತ ಹೆಚ್ಚು. ಇಲ್ಲಿಯ ತೊಡಕೇನೆಂದರೆ ಪರಿಣಾಮ ಕೂಡಲೇ ಕಾಣುವುದಿಲ್ಲ. ಹಬ್ಬ ಮುಗಿದು, ನೆಂಟರು ರೈಲು ಹತ್ತಿ ಹೋಗಿ ಮೂರು ನಾಲ್ಕು ದಿನಗಳಾದ ಮೇಲೆ ನಾಯಿ ನಿತ್ರಾಣಗೊಳ್ಳುತ್ತದೆ, ಒಸಡುಗಳು ಬಿಳಿಚಿಕೊಳ್ಳುತ್ತವೆ, ಮೂತ್ರ ಚಹದ ಕಷಾಯದ ಬಣ್ಣಕ್ಕೆ ತಿರುಗುತ್ತದೆ. ಅಷ್ಟು ಹೊತ್ತಿಗೆ ಹಬ್ಬದ ದಿನ ಅದು ಏನು ತಿಂದಿತೆಂಬುದನ್ನು ನೆನಪಿಟ್ಟವರು ಯಾರೂ ಇರುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿ ಬಳಸದ ಮಡಿ ಅಡುಗೆ ಈ ಒಂದು ವಿಷಯದಲ್ಲಿ ನಾಯಿಗಳಿಗೆ ಅರಿಯದೆಯೇ ಉಪಕಾರ ಮಾಡಿದೆ.

ಚಾಕೊಲೇಟಿನ ಅಪಾಯ ಹಿಂದೆ ನಮ್ಮಲ್ಲಿ ಅಷ್ಟಾಗಿರಲಿಲ್ಲ. ದೀಪಾವಳಿಗೆ ಮಿಠಾಯಿಯ ಬದಲು ಚಾಕೊಲೇಟಿನ ಪೆಟ್ಟಿಗೆಗಳನ್ನು ಹಂಚುವ ರೂಢಿ ನಗರಗಳಲ್ಲಿ ಬೆಳೆದ ಮೇಲೆ ಅದು ಮನೆಮನೆಗೂ ಬಂದಿದೆ. ಕೋಕೋದಲ್ಲಿರುವ ಥಿಯೋಬ್ರೋಮಿನ್ ಎಂಬ ವಸ್ತುವನ್ನು ಮನುಷ್ಯನ ದೇಹ ಬೇಗ ಹೊರಹಾಕುತ್ತದೆ. ನಾಯಿಯ ದೇಹದಲ್ಲಿ ಅದರ ಅರ್ಧಭಾಗ ಕರಗಲು ಹದಿನೇಳು ಗಂಟೆಗಳಿಗೂ ಹೆಚ್ಚು ಕಾಲ ಬೇಕು. ಪ್ರತಿ ಕಿಲೋ ತೂಕಕ್ಕೆ 20 ಮಿಲಿಗ್ರಾಂ ಹೊಟ್ಟೆ ಸೇರಿದರೆ ವಾಂತಿ, ಭೇದಿ, ಚಡಪಡಿಕೆ ಆರಂಭವಾಗುತ್ತವೆ; ಅದು 40ರಿಂದ 50ಕ್ಕೇರಿದರೆ ಹೃದಯದ ಬಡಿತ ತಪ್ಪುತ್ತದೆ; 60ಕ್ಕೆ ಸೆಳವು ಬರಬಹುದು. ಹತ್ತು ಕಿಲೋ ನಾಯಿಯ ಲೆಕ್ಕದಲ್ಲಿ ಹೇಳುವುದಾದರೆ, ಹಾಲು ಬೆರೆತ ಚಾಕೊಲೇಟು ಸುಮಾರು ನೂರು ಗ್ರಾಂ, ಕಪ್ಪು ಚಾಕೊಲೇಟು ನಲವತ್ತು ಗ್ರಾಂ, ಕೇಕಿಗೆ ಬಳಸುವ ಕೋಕೋ ಪುಡಿ ಹತ್ತೇ ಗ್ರಾಂ ಸಾಕು. ಬಣ್ಣ ಕಪ್ಪಾದಷ್ಟೂ, ರುಚಿ ಕಹಿಯಾದಷ್ಟೂ ಅಪಾಯ ಹೆಚ್ಚೆಂದು ನೆನಪಿಡಬಹುದು.

ಮಧುಮೇಹವುಳ್ಳ ಹಿರಿಯರಿಗೆಂದು ಸಕ್ಕರೆರಹಿತ ಸಿಹಿತಿಂಡಿಗಳನ್ನು ತರುವ ಮನೆಗಳವರು ಪೊಟ್ಟಣದ ಮೇಲೆ ಕ್ಸೈಲಿಟಾಲ್ ಎಂಬ ಹೆಸರಿದೆಯೇ ಎಂದು ಓದಿ ನೋಡತಕ್ಕದ್ದು. ಮನುಷ್ಯರಿಗೆ ತೊಂದರೆ ಕೊಡದ ಈ ಸಿಹಿಕಾರಕ ನಾಯಿಯಲ್ಲಿ ಇನ್ಸುಲಿನ್ನನ್ನು ಹಠಾತ್ತನೆ ಹೊರಡಿಸಿ, ಅರ್ಧ ಒಂದು ಗಂಟೆಯೊಳಗೆ ರಕ್ತದ ಸಕ್ಕರೆಯನ್ನು ಕುಸಿಯುವಂತೆ ಮಾಡಬಲ್ಲುದು. ಪ್ರಮಾಣ ಹೆಚ್ಚಾದರೆ ಯಕೃತ್ತು ಕೆಡುತ್ತದೆ. ಚ್ಯೂಯಿಂಗ್ ಗಮ್ಮಿನಲ್ಲಿಯೂ ಇದು ಇರುವುದರಿಂದ ಅತಿಥಿಗಳು ಮೂಲೆಯಲ್ಲಿಟ್ಟ ಕೈಚೀಲಗಳನ್ನು ಎತ್ತರದಲ್ಲಿ ಇರಿಸುವುದು ಲೇಸು. ಉತ್ತರ ಭಾರತದಲ್ಲಿ ಹೋಳಿಯಂದು ತಯಾರಿಸುವ ಭಂಗಿ ಬೆರೆತ ಥಂಡಾಯಿಯನ್ನು ನೆಕ್ಕಿದ ನಾಯಿ ತೂರಾಡುತ್ತದೆ, ತನಗರಿವಿಲ್ಲದೆ ಮೂತ್ರ ತೊಟ್ಟಿಕ್ಕಿಸುತ್ತದೆ. ನೋಡಿ ನಗುವವರುಂಟು, ಅದು ನಗುವ ಸಂಗತಿಯಲ್ಲ, ಚಿಕಿತ್ಸೆ ಬೇಕಾದ ಸ್ಥಿತಿ.

ಜಿಡ್ಡು, ಮೂಳೆ, ಓಟೆ

ವಿಷವಲ್ಲದ ಪದಾರ್ಥವೂ ಹಬ್ಬದ ದಿನ ಕೇಡು ಮಾಡಬಹುದು. ತುಪ್ಪದಲ್ಲಿ ಅದ್ದಿದ ಹೋಳಿಗೆ, ಎಣ್ಣೆಯಲ್ಲಿ ಕರಿದ ಅಂಬೊಡೆ, ಕರಿಗಡುಬು ಇವುಗಳನ್ನು ಬಂದವರೆಲ್ಲರೂ ಒಂದೊಂದು ಚೂರು ಕೊಟ್ಟರೆ ಹದಿನೈದು ಅತಿಥಿಗಳಿಂದ ನಾಯಿಗೆ ಹದಿನೈದು ಚೂರುಗಳಾಗುತ್ತವೆ. ಕೊಟ್ಟವರ ಲೆಕ್ಕದಲ್ಲಿ ಮಾತ್ರ ಅದು ಒಂದೇ ಚೂರು. ಇಷ್ಟೊಂದು ಜಿಡ್ಡು ಒಮ್ಮೆಲೇ ಹೊಟ್ಟೆ ಸೇರಿದಾಗ ಮೇದೋಜೀರಕ ಗ್ರಂಥಿ ಉರಿಯೂತಕ್ಕೊಳಗಾಗುವ ಸಂಭವವಿದೆ. ಆಗ ನಾಯಿ ಮತ್ತೆ ಮತ್ತೆ ವಾಂತಿ ಮಾಡಿಕೊಳ್ಳುತ್ತದೆ. ಹೊಟ್ಟೆನೋವು ತಾಳಲಾರದೆ ಮುಂಗಾಲುಗಳನ್ನು ನೆಲಕ್ಕೆ ಚಾಚಿ ಹಿಂಭಾಗವನ್ನು ಮೇಲೆತ್ತಿ ನಮಸ್ಕಾರ ಮಾಡುವಂತೆ ನಿಲ್ಲುತ್ತದೆ. ಈ ಭಂಗಿಯನ್ನು ಆಟವೆಂದು ತಪ್ಪು ತಿಳಿಯಬಾರದು. ದೊಡ್ಡ ತಳಿಯ, ಆಳವಾದ ಎದೆಗೂಡಿನ ನಾಯಿಗಳು ಹೊಟ್ಟೆ ಬಿರಿಯುವಂತೆ ತಿಂದ ಮೇಲೆ ಉದರ ಉಬ್ಬಿ, ಓಕರಿಸಿದರೂ ಏನೂ ಹೊರಬರದಿದ್ದರೆ ಜಠರ ತಿರುಚಿಕೊಂಡಿರುವ ಶಂಕೆಯುಂಟು. ಅಂತಹ ಸಂದರ್ಭದಲ್ಲಿ ಬೆಳಗಿನವರೆಗೆ ಕಾಯುವುದು ಪ್ರಾಣಾಪಾಯಕರ.

ಯುಗಾದಿಯ ಮಾರನೆಯ ದಿನದ ಹೊಸತೊಡಕು, ಬಕ್ರೀದ್, ಮಾರಿಹಬ್ಬ ಮೊದಲಾದ ಸಂದರ್ಭಗಳಲ್ಲಿ ಮಾಂಸದಡುಗೆ ಮಾಡುವ ಮನೆಗಳಲ್ಲಿ ಉಂಡು ಬಿಟ್ಟ ಮೂಳೆಗಳೆಲ್ಲ ನಾಯಿಯ ಪಾಲೆಂಬುದು ಹಳೆಯ ನಂಬಿಕೆ. ಬೇಯಿಸಿದ ಮೂಳೆ, ವಿಶೇಷವಾಗಿ ಕೋಳಿಯ ಮೂಳೆ, ಪೆಡಸಾಗಿ ಚೂಪಾದ ಸಿಬಿರುಗಳಾಗಿ ಒಡೆಯುತ್ತದೆ. ಅವು ಗಂಟಲಿನಲ್ಲಿ ಸಿಲುಕಬಹುದು, ಕರುಳನ್ನು ತೂತು ಮಾಡಬಹುದು. ಮಸಾಲೆಯಲ್ಲಿ ಬೆಂದ ಮೂಳೆಯಾದರೆ ಈರುಳ್ಳಿ ಬೆಳ್ಳುಳ್ಳಿಯೂ ಅದರ ಜೊತೆಗೇ ಹೋಗುತ್ತವೆ. ಸಸ್ಯಾಹಾರದ ಮನೆಗಳಲ್ಲಿ ಮೂಳೆಯ ಸ್ಥಾನವನ್ನು ಮಾವಿನ ಓಟೆಯೂ ಮುಸುಕಿನ ಜೋಳದ ದಿಂಡೂ ಆಕ್ರಮಿಸಿವೆ. ಇವೆರಡೂ ಇಡಿಯಾಗಿ ನುಂಗಲ್ಪಟ್ಟು ಕರುಳಿಗೆ ಅಡ್ಡವಾಗಿ ಶಸ್ತ್ರಚಿಕಿತ್ಸೆಗೆ ಎಡೆಮಾಡಿಕೊಡುತ್ತವೆ. ಉಂಡ ಬಾಳೆಲೆಗಳನ್ನು ಸುತ್ತಿ ಬಾಗಿಲ ಬಳಿ ಇರಿಸುವ ಬದಲು ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ ಕೂಡಲೇ ಹೊರಸಾಗಿಸಬೇಕು. ಜಿಡ್ಡು ಅಂಟಿದ ಪ್ಲಾಸ್ಟಿಕ್ ಚೀಲ ಮತ್ತು ಬೆಳ್ಳಿಹಾಳೆಯನ್ನು ನಾಯಿ ಆಹಾರವೆಂದೇ ಭಾವಿಸಿ ನುಂಗುತ್ತದೆ.

ನಾಯಿಯ ಎಲೆಗೆ ಏನು ಬಡಿಸಬೇಕು

ಇಷ್ಟನ್ನು ಓದಿದವರಿಗೆ ಹಬ್ಬದ ದಿನ ನಾಯಿಗೆ ಉಪವಾಸವೇ ಗತಿಯೆಂದು ತೋರಬಹುದು. ಹಾಗೇನೂ ಇಲ್ಲ. ಹಬ್ಬದ ಅಡುಗೆಯ ಬಹುಪಾಲು ಸಾಮಗ್ರಿ ಒಗ್ಗರಣೆ ಬೀಳುವ ಮೊದಲು ನಾಯಿಗೆ ಹಿತವಾದುದೇ ಆಗಿರುತ್ತದೆ. ಬೇಳೆ ಬೆಂದಾಗ ಉಪ್ಪು ಹುಳಿ ಖಾರ ಹಾಕುವುದಕ್ಕೆ ಮುಂಚೆ ಒಂದು ಸೌಟು ತೆಗೆದಿರಿಸುವುದು, ಪಲ್ಯಕ್ಕೆ ಹೆಚ್ಚಿದ ಹುರುಳಿಕಾಯಿ, ಗಜ್ಜರಿ, ಸಿಹಿಗುಂಬಳಗಳನ್ನು ನಾಲ್ಕು ಹೋಳು ಬೇರೆ ಬೇಯಿಸುವುದು, ಬಿಳಿ ಅನ್ನ, ಉಪ್ಪಿಲ್ಲದ ಚಪಾತಿಯ ತುಂಡು, ಸ್ವಲ್ಪ ಮೊಸರು. ಮಾಂಸಾಹಾರಿಗಳ ಮನೆಯಲ್ಲಿ ಮೂಳೆ ಬಿಡಿಸಿ ಬರಿ ನೀರಿನಲ್ಲಿ ಬೇಯಿಸಿದ ಕೋಳಿಮಾಂಸ ಅಥವಾ ಬೇಯಿಸಿದ ಮೊಟ್ಟೆ. ಎಳ್ಳು ಬೆಲ್ಲದಲ್ಲಿಯ ಕೊಬ್ಬರಿಯ ಒಂದು ಚೂರು ಕೊಟ್ಟರೆ ಬಾಧಕವಿಲ್ಲ. ಹಾಲಿನ ಪದಾರ್ಥ ಬೆಳೆದ ನಾಯಿಗಳಿಗೆ ಪೂರ್ತಿ ಜೀರ್ಣವಾಗದೆ ಭೇದಿಯಾಗುವುದುಂಟು. ಮೊಸರು ಹಾಲಿಗಿಂತ ಮೇಲು. ನಿತ್ಯದ ಆಹಾರಕ್ಕೆ ಹೊರತಾದ ಇಂತಹ ತಿನಿಸು ದಿನದ ಒಟ್ಟು ಆಹಾರದ ಹತ್ತನೆಯ ಒಂದು ಭಾಗವನ್ನು ಮೀರದಿರಲಿ ಎಂಬುದು ಪಶುವೈದ್ಯರ ಸಾಮಾನ್ಯ ಸಲಹೆ. ನಾಯಿಗೆ ಹಬ್ಬವಾಗುವುದು ತಿನಿಸಿನ ವೈವಿಧ್ಯದಿಂದಲ್ಲ. ಎಲ್ಲರೂ ಉಣ್ಣುವ ಹೊತ್ತಿನಲ್ಲಿ ತನಗೂ ಒಂದು ತಟ್ಟೆ ಬಂದಿತೆಂಬುದಷ್ಟೇ ಅದಕ್ಕೆ ತಿಳಿಯುತ್ತದೆ. ಮೇಲೆ ಹೇಳಿದ ಪುಣೆಯ ಮನೆಯಲ್ಲಿ ಈಗ ಬೇರೊಂದು ನಾಯಿ ಇದೆ. ಕುಕ್ಕರಿನಿಂದ ಬೇಳೆಯನ್ನು ಇಳಿಸಿದ ಕೂಡಲೇ ಅದರ ಪಾಲನ್ನು ಎತ್ತಿಡುವವರು ಅದೇ ಅಜ್ಜಿ. ಆ ಮೇಲೆಯೇ ಉಳಿದವರ ಸಾರಿಗೆ ಉಪ್ಪು ಬೀಳುತ್ತದೆ.

ಅತಿಥಿಗಳು ಬರುವುದಕ್ಕೆ ಒಂದೆರಡು ಗಂಟೆ ಮೊದಲು ನಾಯಿಯನ್ನು ಸಾಕಷ್ಟು ನಡೆಸಿಕೊಂಡು ಬಂದು, ಊಟದ ಹೊತ್ತಿಗೆ ಅದರ ನಿತ್ಯದ ಆಹಾರವನ್ನು ನಿತ್ಯದ ಜಾಗದಲ್ಲೇ ಕೊಡುವುದು ಉತ್ತಮ. ಹಸಿದ ನಾಯಿ ಪಂಕ್ತಿಯ ಸುತ್ತ ಸುಳಿಯುತ್ತದೆ. ಉಂಡ ನಾಯಿ ಮಲಗುತ್ತದೆ. ಪಂಕ್ತಿಯಿಂದ ಸ್ವಲ್ಪ ದೂರದಲ್ಲಿ, ಮನೆಯವರು ಕಣ್ಣಿಗೆ ಕಾಣುವಂತಹ ಒಂದು ಮೂಲೆಯಲ್ಲಿ ಚಾಪೆ ಹಾಸಿ, ಅಲ್ಲಿ ಕುಳಿತಾಗ ಮಾತ್ರ ತಿನಿಸು ಸಿಗುವುದೆಂದು ಹಬ್ಬಕ್ಕೆ ಕೆಲವು ವಾರಗಳ ಮುಂಚಿನಿಂದಲೇ ಅಭ್ಯಾಸ ಮಾಡಿಸಿದರೆ ಕಟ್ಟಿಹಾಕುವ ಅಗತ್ಯವೇ ಬೀಳದು. ಗದ್ದಲಕ್ಕೆ ಹೆದರುವ ನಾಯಿಯಾದರೆ ಒಳಕೋಣೆಯಲ್ಲಿ ನೀರಿಟ್ಟು ಬಾಗಿಲು ಮುಂದೆ ಮಾಡುವುದೇ ಸರಿ. ಎಲ್ಲರ ನಡುವೆ ಇದ್ದರೇ ಆದರವೆಂದು ತಿಳಿಯಬೇಕಾಗಿಲ್ಲ. ನಾಯಿಯನ್ನು ಕಂಡರೆ ಭಯಪಡುವ, ಮಡಿಯ ಕಾರಣದಿಂದ ಅದರ ಸ್ಪರ್ಶವನ್ನು ಒಲ್ಲದ ಅತಿಥಿಗಳೂ ಇರುತ್ತಾರೆ. ಅವರ ಭಾವನೆಗೂ ಬೆಲೆಯುಂಟು.

ಅತಿಥಿಗಳಿಗೆ ಹೇಳಬೇಕಾದ ಮಾತನ್ನು ಸಂಕೋಚವಿಲ್ಲದೆ ಬಾಗಿಲಲ್ಲೇ ಹೇಳಿಬಿಡಬೇಕು: ಅದಕ್ಕೆ ನಾವೇ ಬಡಿಸುತ್ತೇವೆ, ತಾವು ಎಲೆಯಿಂದ ಏನನ್ನೂ ಕೊಡಬಾರದು. ನೆಂಟರು ತಪ್ಪು ತಿಳಿದಾರೆಂದು ಹಿಂಜರಿಯುವವರೇ ಹೆಚ್ಚು. ಬಂದ ಮಕ್ಕಳಿಗಂತೂ ಮೂರು ಮಾತು ತಿಳಿಸದೆ ಬಿಡಬಾರದು. ನಾಯಿ ತಿನ್ನುತ್ತಿರುವಾಗ ಅದರ ತಟ್ಟೆಯ ಬಳಿ ಹೋಗಬಾರದು. ಮಲಗಿದ ನಾಯಿಯನ್ನು ಮುಟ್ಟಿ ಎಬ್ಬಿಸಬಾರದು. ಅದರ ಬಾಯಿಗೆ ಬಿದ್ದುದನ್ನು ಕೈ ಹಾಕಿ ಕಿತ್ತುಕೊಳ್ಳಬಾರದು. ಎಷ್ಟೇ ಸಾಧುವಾದ ನಾಯಿಯೂ ಎಂದೂ ಕಾಣದ ಜನರ ನಡುವೆ, ತನ್ನ ಪಾಲಿನ ಅನ್ನದ ಮುಂದೆ ಬೇರೆಯೇ ಆಗಬಲ್ಲುದು. ಹಾಗೇನಾದರೂ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅರಿಶಿನ, ಸುಣ್ಣ ಮುಂತಾದುವನ್ನು ಹಚ್ಚದೆ, ಅಂದೇ ವೈದ್ಯರನ್ನು ಕಾಣತಕ್ಕದ್ದು. ನಾಯಿಗೆ ಪ್ರತಿವರ್ಷ ರೇಬೀಸ್ ಲಸಿಕೆ ಹಾಕಿಸಿದ್ದರೂ ಈ ಕ್ರಮವನ್ನು ಬಿಡಲಾಗದು.

ದೀಪಾವಳಿಯ ಊಟಕ್ಕೆ ಮಾತ್ರ ಬೇರೆಯದೇ ಏರ್ಪಾಡು ಬೇಕು. ಮನುಷ್ಯನ ಕಿವಿ ಸುಮಾರು 20 ಸಾವಿರ ಹರ್ಟ್ಸ್‌ವರೆಗಿನ ಶಬ್ದವನ್ನು ಗ್ರಹಿಸಿದರೆ ನಾಯಿಯ ಕಿವಿ 45 ಸಾವಿರದವರೆಗೂ ಗ್ರಹಿಸುತ್ತದೆ. ಪಟಾಕಿಯ ಸದ್ದಿಗೆ ಹೆದರಿದ ನಾಯಿ ತೆರೆದ ಬಾಗಿಲಿನಿಂದ ಓಡಿ ದಾರಿ ತಪ್ಪುವುದು ಪ್ರತಿ ನಗರದಲ್ಲಿಯೂ ಪ್ರತಿ ವರ್ಷ ನಡೆಯುತ್ತಿದೆ. ಕತ್ತಲಾಗುವ ಮೊದಲೇ ಅದರ ನಡಿಗೆಯೂ ಊಟವೂ ಮುಗಿದಿರಬೇಕು. ಕಿಟಕಿ ಮುಚ್ಚಿ, ಪರದೆ ಎಳೆದು, ರೇಡಿಯೋ ಹಚ್ಚಿಟ್ಟರೆ ಹೊರಗಿನ ಸದ್ದು ಒಂದಿಷ್ಟು ಅಡಗುತ್ತದೆ. ಕೊರಳಪಟ್ಟಿಯಲ್ಲಿ ಮನೆಯ ದೂರವಾಣಿ ಸಂಖ್ಯೆ ಇರಲಿ. ಮಕ್ಕಳು ಬೀದಿನಾಯಿಯ ಬಾಲಕ್ಕೆ ಪಟಾಕಿ ಕಟ್ಟುವುದು 1960ರ ಪ್ರಾಣಿಗಳ ವಿರುದ್ಧ ಕ್ರೌರ್ಯ ತಡೆ ಅಧಿನಿಯಮದಡಿ ಅಪರಾಧವೆಂಬುದು ಹಿರಿಯರಿಗೆ ತಿಳಿದಿರಬೇಕು.

ತಿಂದುಬಿಟ್ಟ ಮೇಲೆ

ತಿನ್ನಬಾರದುದನ್ನು ನಾಯಿ ತಿಂದಿತೆಂದು ತಿಳಿದ ಕೂಡಲೇ ಲಕ್ಷಣಗಳಿಗಾಗಿ ಕಾಯಬಾರದು. ದ್ರಾಕ್ಷಿಯಾಗಲಿ ಚಾಕೊಲೇಟಾಗಲಿ ಹೊಟ್ಟೆಯಲ್ಲಿರುವಾಗಲೇ, ಮೊದಲ ಒಂದೆರಡು ಗಂಟೆಗಳಲ್ಲಿ, ವೈದ್ಯರು ಅದನ್ನು ವಾಂತಿ ಮಾಡಿಸಿ ಹೊರತೆಗೆಯಬಲ್ಲರು. ರಕ್ತಕ್ಕೆ ಸೇರಿದ ಮೇಲೆ ಅದು ಸಾಧ್ಯವಿಲ್ಲ. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಉಪಾಯ ಅಪಾಯಕರ. ಉಪ್ಪೇ ಹೆಚ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು. ಏನನ್ನು ತಿಂದಿತು, ಎಷ್ಟು, ಯಾವಾಗ, ನಾಯಿಯ ತೂಕವೆಷ್ಟು ಎಂಬ ನಾಲ್ಕು ಸಂಗತಿಗಳನ್ನು ಚೀಟಿಯಲ್ಲಿ ಬರೆದು, ಪೊಟ್ಟಣವಿದ್ದರೆ ಅದನ್ನೂ ಜೊತೆಗೊಯ್ಯಬೇಕು. ಹಬ್ಬದ ರಜೆಯಲ್ಲಿ ಖಾಸಗಿ ಚಿಕಿತ್ಸಾಲಯಗಳು ಮುಚ್ಚಿರುವುದು ಸಾಮಾನ್ಯ. ಮುಂಬಯಿಯ ಪರೇಲ್‌ನಲ್ಲಿರುವ ಪ್ರಾಣಿಗಳ ಆಸ್ಪತ್ರೆ, ಚೆನ್ನೈನ ವೇಪೇರಿ ಮತ್ತು ಹೈದರಾಬಾದಿನ ರಾಜೇಂದ್ರನಗರದ ಪಶುವೈದ್ಯ ಕಾಲೇಜುಗಳ ಆಸ್ಪತ್ರೆಗಳು ಆಯಾ ನಗರದವರಿಗೆ ಚಿರಪರಿಚಿತ. ಯಾವ ಆಸ್ಪತ್ರೆ ಹಬ್ಬದ ದಿನ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆಂಬುದನ್ನು ಸಾಮಾನು ತರುವ ದಿನವೇ ವಿಚಾರಿಸಿ, ದೂರವಾಣಿ ಸಂಖ್ಯೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿರತಕ್ಕದ್ದು.

ಉಳಿದ ಅನ್ನ, ಬೀದಿಯ ನಾಯಿ

ಹಬ್ಬದಲ್ಲಿ ಮಿಕ್ಕ ಅಡುಗೆಯನ್ನು ಬೀದಿನಾಯಿಗಳಿಗೆ ಹಾಕುವವರು ಬಹಳ ಮಂದಿ. ಸಕಲ ಜೀವಿಗಳಲ್ಲಿ ಕರುಣೆ ತೋರುವುದು ಸಂವಿಧಾನದ 51ಎ (ಜಿ) ಅನುಚ್ಛೇದದಂತೆ ಪ್ರತಿಯೊಬ್ಬ ನಾಗರಿಕನ ಕರ್ತವ್ಯ. ಆದರೆ ಪಾಯಸ ಮತ್ತು ಮಸಾಲೆಯ ಅಡುಗೆಯ ವಿಷಯದಲ್ಲಿ ಮನೆಯ ನಾಯಿಗೆ ಹೇಳಿದ ಎಚ್ಚರ ಬೀದಿಯ ನಾಯಿಗೂ ಅನ್ವಯಿಸುತ್ತದೆ. ಅದು ಕಾಯಿಲೆ ಬಿದ್ದರೆ ನೋಡುವವರೂ ಇಲ್ಲ. ಎಲ್ಲಿ ಹಾಕಬೇಕೆಂಬುದಕ್ಕೂ ನಿಯಮಗಳಿವೆ. 2001ರ ನಿಯಮಗಳ ಬದಲಾಗಿ ಕೇಂದ್ರ ಸರ್ಕಾರ 2023ರಲ್ಲಿ ಹೊರಡಿಸಿದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು, ಮಕ್ಕಳು ಆಡುವ ಜಾಗ, ಮೆಟ್ಟಿಲು, ಹೋಗಿಬರುವ ದ್ವಾರಗಳಿಂದ ದೂರದಲ್ಲಿ, ಮಕ್ಕಳೂ ವೃದ್ಧರೂ ಹೆಚ್ಚಾಗಿ ಓಡಾಡದ ಹೊತ್ತಿನಲ್ಲಿ ಆಹಾರ ನೀಡುವ ಏರ್ಪಾಡನ್ನು ನಿವಾಸಿಗಳ ಸಂಘ ಅಥವಾ ಸ್ಥಳೀಯ ಸಂಸ್ಥೆ ಮಾಡಬೇಕೆಂದು ಹೇಳುತ್ತವೆ. ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್ 22ರ ಆದೇಶದಲ್ಲಿ, ನಗರಸಭೆಗಳು ವಾರ್ಡುವಾರು ಇದಕ್ಕೆಂದೇ ಸ್ಥಳಗಳನ್ನು ಗುರುತಿಸಬೇಕೆಂದೂ ಅವುಗಳ ಹೊರತು ಬೀದಿಗಳಲ್ಲಿ ಆಹಾರ ಹಾಕಕೂಡದೆಂದೂ ನಿರ್ದೇಶಿಸಿತು. ತಮ್ಮ ವಾರ್ಡಿನಲ್ಲಿ ಅಂತಹ ಸ್ಥಳ ಎಲ್ಲಿದೆಯೆಂಬುದನ್ನು ವಾರ್ಡು ಕಛೇರಿಯಲ್ಲಿ ಕೇಳಿ ತಿಳಿಯಬಹುದು. ಅಲ್ಲಿಗೆ ಒಯ್ಯುವ ಅನ್ನವನ್ನು ಕಾಗದದ ಅಥವಾ ಎಲೆಯ ಮೇಲೆ ಇಟ್ಟು, ಪಕ್ಕದಲ್ಲಿ ಒಂದು ಮಣ್ಣಿನ ಬೋಗುಣಿಯಲ್ಲಿ ನೀರಿರಿಸಿ, ನಾಯಿಗಳು ತಿಂದು ಮುಗಿಸಿದ ಮೇಲೆ ಎಲೆಗಳನ್ನು ಹೆಕ್ಕಿ ಕಸದ ತೊಟ್ಟಿಗೆ ಹಾಕಿ ಬಂದರೆ ನೆರೆಹೊರೆಯವರಿಂದ ಆಕ್ಷೇಪಣೆಯೂ ಬಾರದು.